ಅಮಾವಾಸ್ಯೆ ಹಿಡಿದ ಕಂಪ್ಯೂಟರ್

ಗೆಳೆಯರೇ, ನಸುಕಿನಲ್ಲಿ ಗುಳಿಗೆಗಳೆಲ್ಲ ಕೈಯಲ್ಲೇ ಕರಗಿದಂತೆ ಕನಸು ಬಿತ್ತು. ಬೆಳಿಗ್ಗೆ, ಯಮಕನಮರಡಿ ಬಳಿಯ ನಮ್ಮ ಔಷಧಿ ಫ್ಯಾಕ್ಟರಿಯಲ್ಲಿ, ಗುಳಿಗೆ ಮಷಿನ್ ನಡೆಸುವ ನಾನು ಚಹಾ ಕುಡಿದು ಬರುವಷ್ಟರಲ್ಲಿ ಅದನ್ನು ನಿಲ್ಲಿಸಿಬಿಟ್ಟಿದ್ದರು. ವರ್ಷದ ದಾಖಲೆಗಳನ್ನೆಲ್ಲ ಕೂಡಿಸಿ ನೋಡಿದ ಕಂಪ್ಯೂಟರ್, ಮಷಿನ್ ಇರುವ ಕೋಣೆಯಲ್ಲಿ ತಿಂಗಳಿಗೊಮ್ಮೆ ತೇವ ಏರುತ್ತದೆ, ಗುಳಿಗೆ ಕೆಡಬಹುದು ಎಂದಿತ್ತು.

"ಇವತ್ತೂ ಏರೈತಿ. ಏನ್ ಮಾಡಿದ್ರಿ ಮಲ್ಲಪ್ಪ ಕಾಕಾ?" ಎಂದರು ಕ್ವಾಲಿಟಿ ಮೇಡಂ.

ನಾನು ಇದ್ದದ್ದನ್ನು ಹೇಳಿಬಿಟ್ಟೆ: "ಅಮಾಸಿ ಅಲ್ರಿ... ಪ್ರತಿ ಅಮಾಸಿಗೂ ಮಾಡೂವಂಗ ಪೂಜಾಕ್ಕಂತ ಮಷಿನ್ ಹಸಿ ಅರಿವಿಲೆ ಒರಸೇನ್ರಿ. ಮನ್ಯಾಗ ಟ್ರ್ಯಾಕ್ಟರ್‌ಗೂ ಹಂಗ ಮಾಡ್ತೇವ್ರಿ."

"ಟ್ರ್ಯಾಕ್ಟರ್ ಯಾರೂ ನುಂಗೂದಿಲ್ಲರೀ ಕಾಕಾ!"

ಇಂದಿನ ಗುಳಿಗೆಗಳನ್ನು ತಡೆದಿದ್ದಾರೆ. ನನ್ನ ಕೆಲಸದ ಗತಿ ನಾಳೆ ತಿಳಿಯುತ್ತದೆ. ಯಾವ ಸಾಹೇಬರಿಗೂ ಕಾಣದ್ದನ್ನು ಪಂಚಾಂಗ ಓದದ ಕಂಪ್ಯೂಟರ್ ಹಿಡಿಯಿತು, ನೋಡಿ. ಮೇಡಂ, ಈ ಗುಂಪಿನಲ್ಲಿರುವ ನೀವೂ ಇದನ್ನು ಓದುತ್ತೀರಿ: ಹೋದ ಅಮಾವಾಸ್ಯೆಯ ಗುಳಿಗೆಗಳು ಅಂಗಡಿಗೆ ಹೋಗಿಲ್ಲ ತಾನೇ? ದಯವಿಟ್ಟು ಇನ್ನೊಮ್ಮೆ ನೋಡಿಬಿಡಿ.