ಅಟ್ಟಕ್ಕೆ ಕೇಳುವ ಹಾಗೆ

ಸಾಂಗ್ಲಿಯ ನಮ್ಮ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಅಪ್ಪ ಮೊದಲು ಕಲಿಸುತ್ತಿದ್ದದ್ದು ಸೀರೆ ಮಡಚುವುದನ್ನಲ್ಲ, ಕನ್ನಡವನ್ನು. ಗಿರಾಕಿಗಳೊಂದಿಗೆ ಮರಾಠಿ, ಮಾಲಿನ ಗುಟ್ಟು ಮಾತ್ರ ಕನ್ನಡದಲ್ಲಿ. ಕೆಳಗಿನಿಂದ ಅಪ್ಪ, “ಹಸರು ಇಳಕಲ್ಲ ಐತೇನ್ರಿ?” ಎಂದು ಕೂಗಿದರೆ, ಅಟ್ಟದಲ್ಲಿ ಮಾಲು ನೋಡಿಕೊಳ್ಳುತ್ತಿದ್ದ ಕಾಕಾ, “ಒಂದ ಉಳದೈತಿ” ಎನ್ನುತ್ತಿದ್ದರು. ಬೇಕಾದಷ್ಟಿವೆ, ಆರಾಮಾಗಿ ಕೂತು ನೋಡಿ ಎಂದು ಅಪ್ಪ ಗಿರಾಕಿಗೆ ಮರಾಠಿಯಲ್ಲಿ ಹೇಳುತ್ತಿದ್ದರು.

ಈ ಆಟ ಕೆಡುತ್ತಿದ್ದದ್ದು ಗಡಿಯಂಚಿನ ಮ್ಹೈಸಾಳ ಊರಿನ ಕನ್ನಡ ಬಲ್ಲವರು ಬಂದಾಗ. ಒಮ್ಮೆ ಕಾಕಾ ಮೇಲಿನಿಂದ, “ಹಳೇ ಮಾಲ ಮೊದಲ ತೋರಸ್ರಿ” ಎಂದರು. ಕೆಳಗೆ ಕೂತಿದ್ದ ಮ್ಹೈಸಾಳದ ಸೊಸೆಯೊಬ್ಬಳು ತಲೆಯೆತ್ತಿ, “ತೋರಸ್ರಿ ಕಾಕಾ. ನಮ್ಮತ್ತಿಯವರಿಗೆ ತಗೊಳ್ಳೂದೈತಿ, ಅವರೂ ಹಳೇ ಮಾಲನ” ಎಂದಳು. ಅಪ್ಪ ಅವತ್ತು ಚಹಾ ತರಿಸಿದರು.

ಕಾಕಾ ಹೋದರು, ಅಪ್ಪನೂ ಹೋದರು. ಕೆಲಸದವರಿಗೆ ಕನ್ನಡ ಕಲಿಸುವುದೂ ಅಲ್ಲಿಗೇ ನಿಂತಿತು. ಆಮೇಲೆ ಇಡೀ ಅಟ್ಟ ನನ್ನ ತಲೆಯೊಳಗಿದೆ ಎಂದು ನಂಬಿಕೊಂಡೆ. ಕೆಲಸದ ಹುಡುಗಿಯರು ಪ್ರತಿಯೊಂದಕ್ಕೂ ನನ್ನ ಬಳಿ ಓಡಿ ಬರಬೇಕು; ನಾನು ಊಟಕ್ಕೆ ಹೋದರೆ ವ್ಯಾಪಾರವೂ ಊಟಕ್ಕೆ ಹೋಗುತ್ತಿತ್ತು. ನನ್ನ ಮಗಳಿಗೆ ಇದನ್ನು ತಡೆಯಲಾಗಲಿಲ್ಲ. ಸಾಂಗ್ಲಿಯದು, ಪಕ್ಕದ ಮಿರಜದಲ್ಲಿ ಆಮೇಲೆ ತೆರೆದದ್ದು, ಎರಡೂ ಅಂಗಡಿಗಳ ಮಾಲಿನ ಪಟ್ಟಿಯನ್ನು ಹುಡುಗಿಯರ ಫೋನಿಗೆ ಹಾಕಿಸಿ, ಪ್ರತಿ ಸೋಮವಾರ ಬೆಳಿಗ್ಗೆ ಅವರಿಗೆ ಅದರ ಪಾಠ ಶುರುಮಾಡಿದಳು. ಫೋನು ಕೆಟ್ಟರೆ ಏನು ಗತಿ ಎಂದು ನಾನು ಚಿಂತಿಸಿದೆ. ಕೆಡದಿದ್ದರೆ ನನ್ನ ಗತಿಯೇನು ಎಂದು ಇನ್ನಷ್ಟು ಚಿಂತಿಸಿದೆ.

ಕಳೆದ ಲಗ್ನಸರಾಯಿಯ ಮದುವೆ ಗದ್ದಲದಲ್ಲಿ ಅದೇ ಮ್ಹೈಸಾಳದ ಸೊಸೆ, ಈಗ ಅಜ್ಜಿ, ಮೊಮ್ಮಗಳನ್ನು ಕರೆತಂದು ಅವಳ ಮದುವೆಗೆ ಹಸಿರು ಇಳಕಲ್ ಸೀರೆ ಕೇಳಿದರು. “ಇಲ್ಲಿ ಸಿಗಲಿಲ್ಲಂದ್ರ ಕೊಲ್ಹಾಪುರಕ್ಕ ಹೋಗ್ತೀವ್ರಿ.” ಅಪ್ಪನ ಕಾಲದ ಗಿರಾಕಿ ನನ್ನ ಕಾಲದಲ್ಲಿ ಬರಿಗೈಯಲ್ಲಿ ಎದ್ದು ಹೋಗುವುದೇ? ಕೆಲಸದ ಹುಡುಗಿಯೊಬ್ಬಳು ಫೋನು ನೋಡಿ, ಇಲ್ಲಿಲ್ಲ, ಮಿರಜದಲ್ಲಿದೆ ಎಂದಳು. ಫೋನಿಗೇನು ಗೊತ್ತು ಎಂದುಕೊಂಡು ನಾನು ಏಣಿ ಹತ್ತಿದೆ.

ಗಂಟು ಬಿಚ್ಚಿದೆ, ಕಟ್ಟಿದೆ, ಸೀನಿದೆ. “ಸಿಕ್ಕಿತ್ರಿ!” ಎಂದು ಕೂಗಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ.

“ಸಾವಕಾರ್ರ, ಇಳದ ಬರ್ರಿ,” ಎಂದರು ಅಜ್ಜಿ. “ಅಷ್ಟರಾಗ ಮದವಿ ಮುಗದ ಹೋದೀತು.”

ಇಳಿದಾಗ ಹಸಿರು ಸೀರೆ ಮೊಮ್ಮಗಳ ತೊಡೆಯ ಮೇಲೆ ಹರಡಿತ್ತು. ನಾನು ಮೇಲೆ ಧೂಳು ಕುಡಿಯುತ್ತಿದ್ದಾಗಲೇ ಹುಡುಗಿ ಅದನ್ನು ಮಿರಜದಿಂದ ಸ್ಕೂಟರ್ ಮೇಲೆ ತರಿಸಿದ್ದಳು.

ಹೊರಡುವಾಗ ಅಜ್ಜಿ, “ನಿಮ್ಮ ಹುಡಿಗ್ಯಾರು ಭಾಳ ಚುರುಕ ಅದಾರ್ರಿ. ಖರೇ ನಾ ಕನ್ನಡದಾಗ ಹತ್ತ ಮಾತ ಆಡಿದ್ರ ಬರೇ ನಗತಾರ. ಬಾಯಿಲ್ಲದ ಅಂಗಡ್ಯಾಗ ಕುಂದ್ರಾಕ ಬ್ಯಾಸರ” ಎಂದರು.

ಮಗಳು ಅದನ್ನು ಕೇಳಿಸಿಕೊಂಡಳು. ಹಾಗಾಗಿ ಈಗ ಸೋಮವಾರದ ಪಾಠದಲ್ಲಿ ಕೊನೆಯ ಸ್ವಲ್ಪ ಹೊತ್ತು ನನ್ನದು, ಕನ್ನಡಕ್ಕೆ. “ಐತಿ ಅನ್ರಿ. ಹಂಗಲ್ಲ, ಜೋರಾಗಿ, ಅಟ್ಟಕ್ಕ ಕೇಳಬೇಕ.”

“ಪಪ್ಪಾ, ಅಟ್ಟದಾಗ ಯಾರೂ ಇಲ್ಲ,” ಎಂದಳು ಮಗಳು.

“ಗೊತ್ತೈತವಾ,” ಎಂದೆ. “ಇನ್ನೊಮ್ಮೆ ಅನ್ರಿ.”