ಗೇಟಿನ ಪಕ್ಕದ ಮರಕ್ಕೊಂದು ಪುಸ್ತಕ

ದೋಹಾದ ಆ ಪುಸ್ತಕದಂಗಡಿಯನ್ನು ನೆನೆದರೆ ಇನ್ನೂ ಮೈ ಉರಿಯುತ್ತದೆ. ನನ್ನ ದಯಾನಂದ ಭಾವ ಅಲ್ಲಿನ ಅಬು ಹಮೂರು ಬಡಾವಣೆಯ ವಿಲ್ಲಾಗಳ ತೋಟ ನೋಡಿಕೊಳ್ಳುವವರು. ಗೇಟಿನ ಪಕ್ಕದ ಮರ ನೀಲಗಿರಿ, ನೀರೆಲ್ಲ ಕುಡಿಯುತ್ತದೆ, ಇವತ್ತೇ ಕಡಿಸಿ ಎಂದು ವಿಲ್ಲಾಗಳ ಮ್ಯಾನೇಜರನ ಹುಕುಂ. ಅದು ನೀಲಗಿರಿಯ ಹಾಗೆ ಆಸ್ಟ್ರೇಲಿಯದ್ದೇ ಆದರೂ ಬೇರೆ ಮರ ಎಂದು ನಾನು ವಾದಿಸಿದೆ. ಪುಸ್ತಕದಲ್ಲಿ ಅದರ ಹೆಸರು ತೋರಿಸಿದರೆ ಕಡಿಸದೆ ಬಿಡುತ್ತಾನಂತೆ.

ಅದರ ಕಾಯಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಓಡಿದೆ. ಆಸ್ಟ್ರೇಲಿಯದ ಮರಗಳ ಮೇಲೆ ಇದ್ದದ್ದು ಒಂದೇ ದಪ್ಪ ಪುಸ್ತಕ. ಅದಕ್ಕೂ ಪ್ಲಾಸ್ಟಿಕ್ ಸುತ್ತಿದ್ದರು.

"ಬಿಡಿಸ್ಲಿಕ್ಕಿಲ್ಲ ಸಾರ್. ಬಿಡಿಸಿದ್ರೆ ತಗೊಳ್ಳಲೇಬೇಕು," ಎಂದ ಪುತ್ತೂರಿನ ಸೇಲ್ಸ್‌ಮನ್.

ದುಡ್ಡು ಕೊಟ್ಟು ಪ್ಲಾಸ್ಟಿಕ್ ಹರಿದೆ. ಪುಟಪುಟದಲ್ಲೂ ಸೂರ್ಯಾಸ್ತ, ಅದರ ಮುಂದೆ ಕಪ್ಪಗೆ ನಿಂತ ಮರ. ತೊಗಟೆಯಿಲ್ಲ, ಕಾಯಿಯಿಲ್ಲ. ಹತ್ತಿರದಿಂದ ಕಾಣುವ ಎಲೆ ಇಡೀ ಪುಸ್ತಕದಲ್ಲಿ ಒಂದೇ, ಅದೂ ಕೋಆಲಾ ಕರಡಿಯ ಬಾಯಲ್ಲಿ, ಅರ್ಧ ತಿಂದದ್ದು!

"ನಾನು ಕೇಳಿದ್ದು ಮರ ಗುರುತಿಸ್ಲಿಕ್ಕೆ ಮಾರಾಯ!" ಎಂದು ಕೂಗಾಡಿದೆ.

"ಇದು ಟೀಪಾಯಿ ಮೇಲೆ ಇಡ್ಲಿಕ್ಕೆ ಸಾರ್. ಯಾರೂ ಓದುದಿಲ್ಲ."

ಅಷ್ಟರಲ್ಲಿ ಭಾವನ ಫೋನು. "ಹೆಸರು ಸಿಕ್ಕಿತಾ?"

ಅವರ ಹಿಂದೆ ಯಂತ್ರದ ಗರಗಸ ಆಗಲೇ ಕಿರುಚುತ್ತಿತ್ತು.

"ಜೋರಾಗಿ ಹೇಳಿ ಭಾವ, ಕೇಳುದಿಲ್ಲ!" ಎಂದೆ, ಎಲ್ಲ ಕೇಳಿಸಿದ್ದರೂ.