ಮೂರು ಊರಿಗೆ ಒಂದೇ ಪ್ರೋಗ್ರಾಂ

ಚೌಳಹಿರಿಯೂರಿನ ಬೀರಯ್ಯ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ತರಬೇತಿ ಪಡೆದು ಊರಿಗೇ ಹಿಂದಿರುಗಿದ. ೧೯೮೮ರಲ್ಲಿ ಕಡೂರಿನ ತೆಂಗು ಬೆಳೆಗಾರರ ಸೊಸೈಟಿಯೊಂದು ಅವನನ್ನು ಪ್ರೋಗ್ರಾಂ ಬರೆಯಲು ತೆಗೆದುಕೊಂಡಿತು. ಕೊಬ್ಬರಿ ತೂಗಿಸಿದ ಕೂಡಲೇ ತೂಕ, ದರ್ಜೆ, ದರ ನಮೂದಾದ ಕನ್ನಡದ ಚೀಟಿ ರೈತನ ಕೈಗೆ ಬರಬೇಕೆಂಬುದು ಅಧ್ಯಕ್ಷ ಷಣ್ಮುಖಪ್ಪನವರ ಆಸೆ. ಹಳ್ಳಿಹಳ್ಳಿಯಲ್ಲೂ ಅದನ್ನು ಹೇಳಿಕೊಂಡು ಬಂದಿದ್ದರು.

ಸೊಸೈಟಿಗೆ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಶಾಖೆಗಳಿದ್ದವು. ಅಜ್ಜಂಪುರದವರು ಸೇರಿದ್ದೇ ತಮಗೆ ಭೇದ ಮಾಡಬಾರದೆಂಬ ಕರಾರಿನ ಮೇಲೆ. ಅಂದಿನಿಂದ ಹೊಸ ತಕ್ಕಡಿ ಬಂದರೂ, ಗೋಡೆಗೆ ಸುಣ್ಣ ಬಳಿದರೂ ಮೂರೂ ಕಡೆ ಒಂದೇ ದಿನ, ಒಂದೇ ರೀತಿ. ಕಂಪ್ಯೂಟರ್ ಮಾತ್ರ ಹಾಗೆ ಬರಲಿಲ್ಲ. ಕಡೂರು, ತರೀಕೆರೆಗೆ ಕನ್ನಡ ಅಕ್ಷರ ಮೂಡಿಸುವ ಹೊಸ ಯಂತ್ರಗಳು ಬಂದವು. ಅಜ್ಜಂಪುರಕ್ಕೆ ಯಾರೋ ದಾನ ಕೊಟ್ಟ ಹಳೆಯದು. ಅದನ್ನು ತಯಾರಿಸಿದವರೇ ಅಂಗಡಿ ಮುಚ್ಚಿದ್ದರು. ಬೀರಯ್ಯ ಬರೆದ ಅರ್ಧಕ್ಕರ್ಧ ಆಜ್ಞೆಗಳನ್ನು ಅದು ಒಪ್ಪುತ್ತಿರಲಿಲ್ಲ. ಕನ್ನಡವಂತೂ ಅದಕ್ಕೆ ಬಾರದು.

ಅಂಥ ಯಂತ್ರವನ್ನು ಬಿಟ್ಟು ಉಳಿದವಕ್ಕೆ ಪ್ರೋಗ್ರಾಂ ಸಿದ್ಧಪಡಿಸುವುದು ಈ ಕೆಲಸದಲ್ಲಿ ಮಾಮೂಲು. ಬೀರಯ್ಯನಿಗೂ ಅದು ತಿಳಿದಿತ್ತು. ಆದರೆ ಅಜ್ಜಂಪುರ ಶಾಖೆಯ ಗುಮಾಸ್ತೆ ಅವನ ಅಕ್ಕ ಹಾಲಮ್ಮ. ಗಂಡ ತೀರಿದ ಮೇಲೆ ಭಾವನ ಮನೆಯ ಹಂಗಿನಿಂದ ಅವಳು ಹೊರಬಂದದ್ದು ಆ ಸಂಬಳದಿಂದ. ಕಂಪ್ಯೂಟರ್ ಓಡದ ಶಾಖೆಯನ್ನು ತರೀಕೆರೆಗೆ ಸೇರಿಸುವ ಮಾತು ಆಗಲೇ ಎದ್ದಿತ್ತು.

ಹಾಲಮ್ಮ ಹೆದರಿರಲಿಲ್ಲ. "ನಮ್ದು ಬಿಟ್ಬಿಡು ಕಣೋ. ನಾನು ಕೈಯಲ್ಲೇ ಬರ್ಕೊತೀನಿ. ಅವೆರಡು ಓಡ್ಲಿ, ಆಮೇಲೆ ನಮಗೊಂದು ಹೊಸದು ಕೇಳೀಯಂತೆ," ಎಂದಳು.

"ಒಂದ್ಸಲ ಬಿಟ್ರೆ ಆಮೇಲೆ ಯಾರಕ್ಕ ಕೇಳ್ತಾರೆ? ಮೂರೂ ಒಟ್ಟಿಗೇ ಆಗ್ಬೇಕು."

ಹಳೆಯ ಯಂತ್ರಕ್ಕೆ ಆಗದ್ದನ್ನೆಲ್ಲ ಅವನು ಮೂರರಿಂದಲೂ ತೆಗೆಯುತ್ತ ಹೋದ. ಮೊದಲು ದರ್ಜೆವಾರು ವಿವರ ಹೋಯಿತು, ಹಿಂದಿನ ತೂಕಗಳನ್ನು ಹುಡುಕುವ ಸೌಲಭ್ಯ ಹೋಯಿತು, ಕೊನೆಗೆ ಕನ್ನಡವೂ ಹೋಯಿತು. ಒಂದೇ ಪ್ರೋಗ್ರಾಂ ಮೂರೂ ಕಡೆ ಓಡಿತು. ಅವನ ಪಾಲಿಗೆ ಅದು ಗೆಲುವು.

ಆರಂಭದ ದಿನ ಕಡೂರಿನಲ್ಲಿ ಮೊದಲ ಚೀಟಿಯನ್ನು ಹಿರಿಯ ಸದಸ್ಯ ಲಕ್ಕಣ್ಣನ ಕೈಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನಪ್ಪಾ ಬೀರಯ್ಯ, ನನ್ನ ಕೊಬ್ಬರಿ ಯಾವಾಗ ಇಸ್ಕೂಲಿಗೆ ಹೋಗಿ ಇಂಗ್ಲೀಷ್ ಕಲೀತು?"

ನೆರೆದವರು ನಕ್ಕರು. ಷಣ್ಮುಖಪ್ಪನವರು ನಗಲಿಲ್ಲ. ಕನ್ನಡ ಬರುವ ಯಂತ್ರದಲ್ಲಿ ಕನ್ನಡ ಏಕಿಲ್ಲವೆಂದು ಕೇಳಿದರು. ಅಜ್ಜಂಪುರದ್ದರಲ್ಲಿ ಬರುವುದಿಲ್ಲ, ಅದಕ್ಕೆ, ಎಂದ ಬೀರಯ್ಯ.

"ಅವ್ರಿಗಿಲ್ಲ ಅಂತ ಎಲ್ರದ್ದೂ ಕಿತ್ಹಾಕಿದ್ಯಾ?"

ತರೀಕೆರೆಯಿಂದಲೂ ಅದೇ ದೂರು ಬಂತು. ಎರಡು ಕಡೆ ಕನ್ನಡವನ್ನು ಮರಳಿ ಸೇರಿಸುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದು ಅವನು ಆಡಳಿತ ಮಂಡಳಿಯ ಸಭೆಯಲ್ಲಿ ಬೇಡಿಕೊಂಡ. ಕೊಡಲಿಲ್ಲ. ಅವನನ್ನು ಕೆಲಸದಿಂದ ತೆಗೆದರು. ಎಡವಟ್ಟಿಗೆಲ್ಲ ಅಜ್ಜಂಪುರವೇ ಕಾರಣವೆಂದು ಆ ಶಾಖೆಯನ್ನು ತರೀಕೆರೆಗೆ ಸೇರಿಸಿದರು. ಕೈಬರಹದಲ್ಲೇ ಶಾಖೆ ನಡೆಸಬಲ್ಲೆನೆಂದು ಹಾಲಮ್ಮ ಹೇಳಿದ್ದನ್ನು ಮಂಡಳಿಯ ಮುಂದೆ ಯಾರೂ ಎತ್ತಲಿಲ್ಲ, ಎತ್ತಬೇಕಾಗಿದ್ದವನು ಬೀರಯ್ಯ.

ಹಾಲಮ್ಮ ಭಾವನ ಮನೆಗೆ ಹಿಂದಿರುಗಿದಳು. ಅಲ್ಲಿ ಅವಳು ಎಲ್ಲರೂ ಉಂಡೆದ್ದ ಮೇಲೆ ಉಣ್ಣುತ್ತಾಳೆಂದು ತಾಯಿ ಯಲ್ಲಮ್ಮನಿಗೆ ಗೊತ್ತಾಯಿತು, ಅವಳಿಂದ ಬೀರಯ್ಯನಿಗೂ. ತಮ್ಮನನ್ನು ಹಾಲಮ್ಮ ಒಂದು ದಿನವೂ ದೂರಲಿಲ್ಲ. ಆದರೂ ಅಕ್ಕ ತವರಿಗೆ ಬರುವ ಸುದ್ದಿ ಸಿಕ್ಕಿದರೆ ಬೀರಯ್ಯ ಹೊಲದ ಕಡೆ ಹೊರಟುಬಿಡುತ್ತಿದ್ದ. ಅವಳು ಬಸ್ಸು ಹತ್ತಿದ ಮೇಲೆ ಬಂದು, ತಾಯಿ ಮುಚ್ಚಿಟ್ಟ ಮುದ್ದೆಯನ್ನು ಒಬ್ಬನೇ ಕೂತು ತಿನ್ನುತ್ತಿದ್ದ.